ರಹೀಮಾಬಿಯ ಅರಿವೆಯ ಕೂಸು

ಮೂಡಣ ಕೆಂಪಾಗುವ ಹೊತ್ತು. ತಿರ್ಲಾಪುರದ ಈರಪ್ಪನ ಮನೆಯ ಮುಂದೆ ಚಕ್ಕಡಿ ಹೂಡಿ ನಿಂತಿದೆ. ಅವನ ಹೆಂಡತಿ ಸುಶೀಲವ್ವನ ಟ್ರಂಕು ಆಗಲೇ ಅದರೊಳಗೆ ಏರಿದೆ. ಮೂರು ದಿನದ ಹಿಂದೆ ಅವಳ ಇಪ್ಪತ್ತೆರಡು ದಿನದ ಕೂಸು, ಜ್ವರವಿಲ್ಲ, ಕೆಮ್ಮಿಲ್ಲ, ಬೆಳಗಾಗುವಷ್ಟರಲ್ಲಿ ತಣ್ಣಗಾಗಿತ್ತು. ನಿದ್ದೆಯಲ್ಲಿ ತಾಯಿಯೇ ಅದರ ಮೇಲೆ ಹೊರಳಿದಳೆಂದು ಮನೆಯವರ ತೀರ್ಮಾನ. ತಾಯಿಯಿಲ್ಲದ ತವರಿಗೆ ಅವಳನ್ನು ಕಳಿಸುತ್ತಿದ್ದಾರೆ. ಮತ್ತೆ ಕರೆತರುವ ಮಾತನ್ನು ಯಾರೂ ಆಡುತ್ತಿಲ್ಲ.

ಎರೆಮಣ್ಣು ಮೆತ್ತಿದ ಚಪ್ಪಲಿ ಕೈಯಲ್ಲಿ ಹಿಡಿದು ನರ್ಸಬಾಯಿ ರಹೀಮಾಬಿ ಬರುತ್ತಾರೆ.

"ಎತ್ತು ಬಿಚ್ಚಪಾ ಈರಪ್ಪ, ಒಂದ ತಾಸು."

"ಸತ್ತ ಕೂಸಿಗೆ ಇನ್ನೇನ ಸೂಜಿ ಚುಚ್ಚತೀರಿ ಬಾಯಾರ?"

"ಬೇಕಂದ್ರ ನಿನಗೊಂದು ಚುಚ್ಚತೀನಿ. ಸರಿ ಬಾಜೂಕ."

ಒಳಗೆ ಹೋಗಿ ಚೀಲದಿಂದ ಹಳೆ ಬಟ್ಟೆಯಲ್ಲಿ ಹೊಲಿದ ಅರಿವೆಯ ಕೂಸೊಂದನ್ನು ತೆಗೆಯುತ್ತಾರೆ. ತಲೆಗೆ ಅರಳೆ, ಹೊಟ್ಟೆಗೆ ಜೋಳ, ತೂಕ ಸರಿಯಾಗಿ ಹಸುಗೂಸಿನದು. "ಅವತ್ತ ಹೆಂಗ ಮಲಗಿಸಿದ್ದಿ, ಹಂಗ ಮಲಗಿಸವ್ವ." ಸುಶೀಲವ್ವ ಮೊದಲು ಮುಟ್ಟುವುದಿಲ್ಲ. ಮುಟ್ಟಿದ ಮೇಲೆ ಬಿಡುವುದಿಲ್ಲ. ರಹೀಮಾಬಿ ಅವಸರ ಮಾಡದೆ ನೆಲದ ಮೇಲೆ ಕೂಡುತ್ತಾರೆ.

ಏಳು ಹಳ್ಳಿ, ದಿನಕ್ಕೆ ಆರು ಮೈಲು ನಡಿಗೆ, ಹನ್ನೆರಡು ವರ್ಷದ ನೌಕರಿ. ಹೆರಿಗೆ, ಸಿಡುಬು ಬಾರದಂತೆ ದೇವಿ ಹಾಕುವುದು, ಗುಳಿಗೆ ಹಂಚುವುದು ಅವರ ಕೆಲಸ. ಕೂಸು ಸತ್ತ ಮನೆಗೆ ಹೋಗಿ ಕಾರಣ ಹುಡುಕಲು ಯಾರೂ ಹೇಳಿಲ್ಲ. ಆದರೂ ಇಂಥ ಇಪ್ಪತ್ತಮೂರು ಮನೆಗೆ ಹೋಗಿದ್ದಾರೆ. ಒಂಬತ್ತು ಕಡೆ ಕಾರಣ ಹೊಳೆದಿದೆ. ಉಳಿದ ಹದಿನಾಲ್ಕಕ್ಕೆ ತಮ್ಮ ವಹಿಯಲ್ಲಿ "ಗೊತ್ತಾಗಲಿಲ್ಲ" ಎಂದೇ ಬರೆದಿದ್ದಾರೆ. ಥಂಡಿ ಎಂದೋ ಜ್ವರ ಎಂದೋ ಬರೆಯಲು ಮೇಲಿನವರೊಬ್ಬರು ಗದರಿಸಿದ್ದುಂಟು. "ಕಂಡಷ್ಟ ಬರಿಯಾಕಿ ನಾ," ಎನ್ನುತ್ತಾರೆ.

ಈ ಹಟದ ಹಿಂದೆ ಒಂದು ನೋವಿದೆ. ನೌಕರಿಯ ಮೊದಲ ವರ್ಷ ದುಂಡವ್ವನೆಂಬ ಬಾಣಂತಿಯ ಕೂಸು ಹೀಗೆಯೇ ಹೋಯಿತು. ದಾರಿಯಲ್ಲಿ ಅವರೇ ನಮಗೆ ಹೇಳಿದ್ದರು: "ನಾ ಬಾಗಲದಾಗ ನಿಂತ, ಹೊರಳಿರಬೇಕು ಅಂದ್ನಿರಿ. ಒಳಗ ಸುದ್ದಾ ಹೋಗಲಿಲ್ಲ. ಸಂಜೀಕ ಆಕಿನ್ನ ತವರಿಗೆ ಕಳಿಸಿದ್ರು. ಹೊಳ್ಳಿ ಕರೀಲಿಲ್ಲ."

ಸುಶೀಲವ್ವ ಈಗ ತಾನು ಮಲಗುವ ಹೊರಸಿನ ಮೇಲೆ, ಗೋಡೆಯ ಕಡೆಗೆ ಬೊಂಬೆಯನ್ನು ಮಲಗಿಸುತ್ತಾಳೆ. ತನಗೂ ಅದಕ್ಕೂ ನಡುವೆ ಕೌದಿಯ ಸುರುಳಿ ಇಡುತ್ತಾಳೆ. ಅತ್ತೆ ಶಿವಗಂಗವ್ವ ಬಾಗಿಲಲ್ಲೇ ನಿಂತು, "ಶಿವ ಕೊಟ್ಟಿದ್ದ, ಶಿವ ಒಯ್ದ. ಯಾಕ ಕೆದಕತೀಯೇ?" ಎನ್ನುತ್ತಾಳೆ.

"ಶಿವನ ಮ್ಯಾಲೆ ಹಾಕೂಕಿಂತ ಮೊದಲ ನೋಡೂಣು, ಅಕ್ಕಾ. ಮುಂಜಾನೆ ಕೂಸು ಎತ್ತಿದಾಕಿ ನೀನ. ಹೆಂಗಿತ್ತು?"

"ಹಿಂಗ ಇತ್ತು. ಮುಖ ಮ್ಯಾಲೆ. ತಲಿ ಮ್ಯಾಲಿನ ಕುಲಾಯಿ ಸುದ್ದಾ ಸರಿದಿರ್ಲಿಲ್ಲ..." ಮುದುಕಿ ಬೊಂಬೆಯ ತಲೆಯನ್ನು ನೋಡುತ್ತಾಳೆ. ಮೈಮೇಲೆ ಹೊರಳಿದ್ದರೆ ಕುಲಾಯಿ ಸರಿಯದೆ ಇದ್ದೀತೆ?

ರಹೀಮಾಬಿ ಸುಶೀಲವ್ವನ ಕಡೆ ತಿರುಗುತ್ತಾರೆ. "ಅವತ್ತ ಮುಂಜಾನೆ ನಿನಗೇನಾಗಿತ್ತು ತಂಗಿ?"

"ತಲಿ ಸಿಡೀತಿತ್ರಿ. ವಾಂತಿ ಬಂತು. ಎದ್ರ ಕಣ್ಣಿಗೆ ಕತ್ತಲಿ. ಅತ್ತು ಅತ್ತು ಹಂಗಾತು ಅಂದ್ರು."

"ಅಳೂಕಿಂತ ಮೊದಲೋ, ಆಮ್ಯಾಲೋ?"

"ಮೊದಲರಿ."

ರಹೀಮಾಬಿ ಬಗ್ಗಿ ನೋಡುತ್ತಾರೆ. ಹೊರಸಿನ ಕೆಳಗೆ ಆರಿದ ಕೆಂಡದ ಮಡಕೆ. ಹೊರಗೆ ಬಿಸಿಲು ಬಿದ್ದಿದ್ದರೂ ಖೋಲಿಯಲ್ಲಿ ಕಂದೀಲು ಉರಿಯುತ್ತಿದೆ. ಕತ್ತೆತ್ತಿ ಮಾಳಿಗೆಯ ಮಣ್ಣಿನ ಸೂರು ನೋಡುತ್ತಾರೆ.

"ಬೆಳಕಿಂಡಿ ಇಲ್ಲೇನು ಇಲ್ಲೆ?"

ಅಂಗಳದಿಂದ ಈರಪ್ಪನ ದನಿ ಬರುತ್ತದೆ: "ಅವತ್ತ ಮಳಿ ಹತ್ತಿತ್ರಿ. ನಾನ ಮ್ಯಾಲೆ ಹತ್ತಿ ಬೆಳಕಿಂಡಿಗೆ ಕಲ್ಲು ಮುಚ್ಚಿದ್ನಿ."

ಶಿವಗಂಗವ್ವ ಒಳಗೆ ಬಂದು ಹೊರಸಿನ ಕೆಳಗಿನ ಮಡಕೆಯನ್ನು ಹೊರಗೆಳೆಯುತ್ತಾಳೆ. "ಕೆಂಡ ಇಟ್ಟಾಕಿ ನಾನ! ಐದು ಬಾಣಂತನ ನಂಗೂ ಹಿಂಗ ಆಗ್ಯಾವು..."

"ಆವಾಗ ಬೆಳಕಿಂಡಿ ತೆರೆದಿತ್ತು. ಮುಚ್ಚಿದ ಖೋಲಿಯೊಳಗ ಕೆಂಡದ ಗಾಳಿ ವಿಷ ಆಗತೈತಿ. ಚಳಿ ಹತ್ತಬಾರದಂತ ನೀ ಇಟ್ಟಿ, ಹನಿ ಬೀಳಬಾರದಂತ ಅವ ಮುಚ್ಚಿದ. ಕೆಟ್ಟದ್ದಕ್ಕ ಯಾರೂ ಮಾಡಿಲ್ಲ. ಆದ್ರ ಈಕಿ ಹೊರಳಿಲ್ಲ. ಅಷ್ಟ ನಾ ಹೇಳೂದು."

ಮಾಳಿಗೆಯ ಮೇಲೆ ಕಲ್ಲು ಸರಿಯುವ ಸದ್ದಾಗುತ್ತದೆ. ಹೊರಸಿನ ಮೇಲೆ ಅಂಗೈಯಗಲ ಬಿಸಿಲು ಬೀಳುತ್ತದೆ. ಮುದುಕಿ ತಾನೇ ಹೋಗಿ ಚಕ್ಕಡಿಯಿಂದ ಟ್ರಂಕು ಇಳಿಸುತ್ತಾಳೆ.

ಕಟ್ಟೆಯ ಮೇಲೆ ಕೂತು ರಹೀಮಾಬಿ ವಹಿಯಲ್ಲಿ "ಕೆಂಡದ ಗಾಳಿ ಇರಬಹುದು" ಎಂದು ಬರೆಯುತ್ತಾರೆ. ಏನಾದರೂ ಆಸೆಯಿದೆಯೇ ಎಂದು ನಾವು ಕೇಳಿದರೆ ಬೊಂಬೆಯನ್ನು ಚೀಲಕ್ಕಿಳಿಸುತ್ತ ಹೇಳುತ್ತಾರೆ:

"ಸೋಮವಾರ ರಜಾ ಕೇಳೀನ್ರಿ. ದುಂಡವ್ವನ ತವರು ಕಲಘಟಗಿ ಕಡೆ ಐತಿ. ಇದನ್ನ ಒಯ್ಯಾಂಗಿಲ್ಲ, ಈಗ ಕಾರಣ ಸಿಗಾಂಗಿಲ್ಲ. ನೋಡದ ಅಂದಿದ್ದೆ, ತಪ್ಪಾತವ್ವ ಅಂತ ಹೇಳಿ ಬರತೀನಿ. ಒಳಗ ಕರದ್ರ ಒಳಗ ಕೂಡತೀನಿ. ಇಲ್ಲಂದ್ರ ಕಟ್ಟಿ ಮ್ಯಾಲೆ ಕೂಡತೀನಿ."