ನೋಡದೆ ಬಿಟ್ಟಿದ್ದ ಕೊನೆಯ ಅಂಕ

ಆ ಭಾನುವಾರ ನನ್ನ ಗಂಡ ನೀರು ದೋಸೆ ಹೊಯ್ದರು. ಮೊದಲ ಎರಡು ಹರಿದವು. ಅವನ್ನು ಅವರೇ ತಿಂದರು. ಆಮೇಲೆ ಮೊಬೈಲಿನಲ್ಲಿ ಇಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನ ರಂಗಮಂದಿರಕ್ಕೆ ಎರಡು ಟಿಕೆಟ್ ಕಾದಿರಿಸಿದರು. ನಾವು ಮೂರು ಸಲ ನೋಡಿದ್ದ, ಹಾಡಿನಲ್ಲೇ ನಡೆಯುವ ಅದೇ ಹಳೆಯ ಇಟಾಲಿಯನ್ ಒಪೆರಾ, ಈ ಸಲ ಹೊಸ ನಿರ್ದೇಶಕರದ್ದು. ಎರಡು ತಿಂಗಳ ನಂತರದ ಒಂದು ಶನಿವಾರ, ಮಧ್ಯಾಹ್ನದ ಪ್ರದರ್ಶನ.

ಮರುದಿನ ಬರ್ಚ್‌ವುಡ್‌ನ ತಮ್ಮ ಆಫೀಸಿನಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ನಾನು ಕೇಳಿದಾಗಲೆಲ್ಲ "ಎಂತದೂ ಇಲ್ಲ, ಗುಣ ಆಗ್ತದೆ" ಎನ್ನುತ್ತಿದ್ದರು. ನಾನು ನಂಬಿದೆ. ಐದು ವಾರಕ್ಕೆ ತೀರಿಕೊಂಡರು.

ಆ ಶನಿವಾರ ರಂಗಮಂದಿರದಲ್ಲಿ ಅವರ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡೆ. ನನಗೆ ಇಟಾಲಿಯನ್ ಬರುವುದಿಲ್ಲ. ವೇದಿಕೆಯ ಮೇಲುಗಡೆ ಪಟ್ಟಿಯಲ್ಲಿ ಮೂಡುವ ಇಂಗ್ಲಿಷ್ ಅನುವಾದದ ಸಾಲುಗಳು ನಾನು ಓದಿ ಮುಗಿಸುವ ಮೊದಲೇ ಮಾಯವಾಗುತ್ತವೆ. ಹಾಗಾಗಿ ಕಾಯಿಲೆ ಬಿದ್ದ ಹುಡುಗಿಯೊಬ್ಬಳ ಆ ಕಥೆಯನ್ನು ಗಂಡ ಕಿವಿಯಲ್ಲಿ ಹೇಳುತ್ತಿದ್ದರು. ಊರಿನಲ್ಲಿ ಯಕ್ಷಗಾನಕ್ಕೆ ಹೋದರೆ ಮಂಗಳ ಹಾಡುವ ತನಕ ಏಳದವರು, ಇಲ್ಲಿ ಮಾತ್ರ ಕೊನೆಯ ಅಂಕಕ್ಕೆ ಮೊದಲೇ ನನ್ನನ್ನು ಎಬ್ಬಿಸುತ್ತಿದ್ದರು.

"ಏಳು ಮಾರಾಯ್ತಿ, ಆಮೇಲೆ ಕಾರು ಹೊರಗೆ ತೆಗೀಲಿಕ್ಕೇ ಅರ್ಧ ಗಂಟೆ ಬೇಕು."

"ಆ ಹುಡುಗಿಯ ಕಾಯಿಲೆ ಎಂತಾಯ್ತು?"

"ಗುಣ ಆಗ್ತದೆ. ಮದುವೆಯೂ ಆಗ್ತದೆ. ನಿನ್ನನ್ನು ಊಟಕ್ಕೆ ಕರೀಲಿಲ್ಲ, ಅಷ್ಟೇ."

ಈ ಸಲ ಎಬ್ಬಿಸುವವರು ಇರಲಿಲ್ಲ. ಕೊನೆಯ ಅಂಕಕ್ಕೆ ಪರದೆ ಸರಿದಾಗ ವೇದಿಕೆಯ ಮೇಲೆ ಆಸ್ಪತ್ರೆಯ ಮಂಚ, ಡ್ರಿಪ್, ನೀಲಿ ಉಡುಪಿನ ನರ್ಸ್. ಹುಡುಗಿ ಹಾಡುತ್ತಲೇ ಎದ್ದು ನಿಂತಳು. ಗುಣವಾಯಿತು ಎಂದುಕೊಂಡೆ. ಅವಳು ಬಿದ್ದಳು, ಮತ್ತೆ ಏಳಲಿಲ್ಲ.

"ಈ ಹೊಸಬರು ಕಥೆಯನ್ನೇ ಹಾಳು ಮಾಡಿದ್ದಾರೆ," ಎಂದೆ.

ಮಗಳು ಚಪ್ಪಾಳೆ ನಿಲ್ಲಿಸಿ ನನ್ನನ್ನು ನೋಡಿದಳು. "ನೋ ಅಮ್ಮ. ಶಿ ಆಲ್ವೇಸ್ ಡೈಸ್. ಯಾರು ಮಾಡಿದ್ರೂ ಅಷ್ಟೇ. ಪಪ್ಪ ಹೇಳ್ಲಿಲ್ವಾ?"

ಸುತ್ತಲಿನವರೆಲ್ಲ ಎದ್ದು ನಿಂತಿದ್ದರು. ನಾನು ಕುಳಿತೇ ಇದ್ದೆ. ಮೂರು ಸಲವೂ ಅವರಿಗೆ ಗೊತ್ತಿತ್ತು. ನನಗೆ ಸಿಟ್ಟು ಬಂತು. ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಮನೆಯಲ್ಲಿ ಅವರ ಆಫೀಸಿನ ಶರ್ಟುಗಳಿಗೆ ಇಸ್ತ್ರಿ ಹಾಕಿ ಸಾಲಾಗಿ ತೂಗುಹಾಕುತ್ತಿದ್ದೆ. ಹಾಸಿಗೆಯ ಪಕ್ಕ ಕುಳಿತು ಬಾಯ್ಲರ್ ರಿಪೇರಿಯ ಬಗ್ಗೆ ಮಾತನಾಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೇಳಬೇಕಾದದ್ದನ್ನು ಕೇಳುತ್ತಿದ್ದೆ, ಕೈಯನ್ನಾದರೂ ಹಿಡಿದುಕೊಳ್ಳುತ್ತಿದ್ದೆ.

ಟ್ರ್ಯಾಮ್‌ನಲ್ಲಿ ಮಗಳನ್ನು ಕೇಳಿದೆ, "ನಿನ್ನ ಹತ್ರ ಏನಾದ್ರೂ ಹೇಳಿದ್ರಾ?"

"ಇಲ್ಲ ಅಮ್ಮ. ಗೆಟಿಂಗ್ ಬೆಟರ್ ಅಂತಲೇ ಹೇಳ್ತಿದ್ರು."

ತಮ್ಮ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಅವರಿಗೆ ಯಾವ ದಿನ ತಿಳಿಯಿತು ಎಂಬುದು ನನಗೆ ಇನ್ನೂ ಗೊತ್ತಿಲ್ಲ.