ಚಲುವಯ್ಯನ ಓಲಗ ನಿಂತದ್ದು

ಬಾಗೂರಿನ ಸುತ್ತ ಮದುವೆ ನಿಶ್ಚಯವಾದರೆ ಛತ್ರಕ್ಕಿಂತ ಮೊದಲು ಚಲುವಯ್ಯನ ಓಲಗ ಗೊತ್ತು ಮಾಡುತ್ತಿದ್ದರು. ತಾಳಿ ಕಟ್ಟುವಾಗ ಯಾರಾದರೂ ಸೀನಿದರೆ ಕೇಳಿಸಬಾರದಲ್ಲ, ಅದಕ್ಕೆ ಅವನ ನಾಗಸ್ವರವೇ ಸರಿ ಎನ್ನುತ್ತಿದ್ದರು. ಅವನಿಗೂ ಜಂಬ ಕಡಿಮೆಯಿರಲಿಲ್ಲ. ಊದುವ ಆ ಉಸಿರೊಂದು ಬಿಟ್ಟರೆ ತನ್ನದು ಎನ್ನಲು ಅವನಿಗೆ ಬೇರೆ ಏನಿತ್ತು?

ಮನೆಮನೆಗೆ ಬರುವ ನರ್ಸ್ ಶಾಂತಿ ಅವನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಾಗ ನೂರ ಎಪ್ಪತ್ತು, ನೂರ ಐದು ಬಂತು.

"ಚಲುವಣ್ಣ, ಮೇಲಿನ ನಂಬರು ಗುಂಡ್ಗೆ ರಕ್ತ ಒತ್ತಿದಾಗಿಂದು, ಕೆಳಗಿಂದು ಅದು ಸುಧಾರಿಸ್ಕಳೋವಾಗಿಂದು. ನೂರ ನಲವತ್ತು, ತೊಂಬತ್ತು ದಾಟ್ತಾನೇ ಇದ್ರೆ ಬಿ.ಪಿ. ಅಂತ. ನಿಮ್ದು ಸುಧಾರಿಸ್ಕಳೋವಾಗ್ಲೂ ಬಿಗಿಯಾಗೇ ಐತೆ."

"ಊದೋನ ಮೈಯಾಗೆ ರಕ್ತ ಜೋರಾಗೇ ಇರ್ಬೇಕು ಕಣಮ್ಮ. ಸಪ್ಪಗಿರೋನು ಓಲಗ ಊದಾನಾ?"

"ನೋವೇ ಇಲ್ದಂಗೆ ಒಳಗೊಳಗೇ ನರ ಕೆಡ್ತದೆ. ತಲೇಲಿ ರಕ್ತ ಕಟ್ಕಂಡ್ರೆ ಲಕ್ವ ಒಡೆದು ಕೈ, ಕಾಲು, ಬಾಯಿ ಎಲ್ಲಾ ಓಯ್ತದೆ."

ಬಾಯಿ ಎಂದಾಗ ಮಾತ್ರ ಅವನು ಹೆದರಿದ. ಚನ್ನರಾಯಪಟ್ಟಣದ ಡಾಕ್ಟರು ಬರೆದ ಮಾತ್ರೆಯನ್ನು ಆಷಾಢ ಪೂರ್ತಿ ನುಂಗಿದ. ಮದುವೆಯಿಲ್ಲದ ತಿಂಗಳು, ನುಂಗಿದರೆ ನಷ್ಟವೇನು? ತಿಂಗಳ ಕೊನೆಗೆ ಶಾಂತಿ ನೋಡಿದಾಗ ನೂರ ಮೂವತ್ತು, ಎಂಬತ್ತು. ಅದು ಮಾತ್ರೆಯ ಗುಣ. ಈ ಪುಣ್ಯಾತ್ಮ ಕಾಯಿಲೆಯೇ ವಾಸಿಯಾಯಿತು ಎಂದುಕೊಂಡ. ಶ್ರಾವಣ ಬಂತು, ಮದುವೆಗಳೂ ಬಂದವು. ಮಾತ್ರೆ ನುಂಗಿದರೆ ಉಸಿರು ಸೊರಗುತ್ತದೆ ಎಂದು ಅದನ್ನು ಮಾಡಿನ ಸಂದಿಗೆ ಸಿಕ್ಕಿಸಿದ. ಹೆಂಡತಿ ಜಯಲಕ್ಷ್ಮಮ್ಮ ಬೈದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಳೆನರಸೀಪುರದ ಛತ್ರವೊಂದರಲ್ಲಿ ಮದುವೆ. ಬೆಳಗಿನ ಪೂಜೆಯ ಹೊತ್ತಿಗೇ ಎಡಗೈ ಬೆರಳು ಮರಗಟ್ಟಿ ಸ್ವರ ತಪ್ಪಿತು. ಪಕ್ಕದಲ್ಲಿ ಡೋಲು ಬಾರಿಸುತ್ತಿದ್ದ ಪುಟ್ಟಸ್ವಾಮಿ ಗಾಬರಿಯಾದ.

"ಅಣ್ಣಾ, ನಿನ್ ಬಾಯಿ ಸೊಟ್ಟಗಾಗೈತೆ. ಕೆಳಗಿಕ್ಕು, ಆಸ್ಪತ್ರೆಗೆ ಓಗಾನ."

"ತಾಳಿ ಆಗ್ಲಿ ಕಣ್ಲಾ. ಮಧ್ಯದಲ್ಲಿ ಓಲಗ ನಿಂತ್ರೆ ಅಪಶಕುನ ಅಂತಾರೆ. ಆಮೇಕೆ ನನ್ನ ಯಾರು ಕರೆದಾರು?"

ಮುಹೂರ್ತ ಮಧ್ಯಾಹ್ನಕ್ಕಿತ್ತು. ತುಟಿಯ ಒಂದು ಮೂಲೆಯಿಂದ ಗಾಳಿ ಸೋರುತ್ತಿದ್ದರೂ ಇನ್ನೊಂದು ಮೂಲೆಯಲ್ಲಿ ಕಚ್ಚಿ ಹಿಡಿದು ಗಟ್ಟಿಮೇಳ ಮುಗಿಸಿದ. ಅಕ್ಷತೆ ಬಿದ್ದ ಮೇಲೆ ಅವನೂ ಪಕ್ಕಕ್ಕೆ ವಾಲಿ ಬಿದ್ದ. ಊಟದ ಗದ್ದಲದಲ್ಲಿ ಜನ ಸುಸ್ತು ಎಂದು ಶರಬತ್ತು ಕುಡಿಸಲು ನೋಡಿದರು. ಹಾಸನದ ಆಸ್ಪತ್ರೆ ಸೇರುವಾಗ ಹೊತ್ತು ಮುಳುಗಿತ್ತು.

"ಲಕ್ವ ಇದು. ಬಾಯಿ ಸೊಟ್ಟಗಾದ ತಕ್ಷಣ ತರಬೇಕಿತ್ತು. ಆಗ ಕೊಡೋ ಔಷಧಿಗೆ ಈಗ ಹೊತ್ತು ಮೀರಿದೆ," ಎಂದರು ಡಾಕ್ಟರು. ಪುಟ್ಟಸ್ವಾಮಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎಡಗೈ, ಎಡಗಾಲು ಬಿದ್ದುಹೋಗಿ ಮಾತೂ ನಿಂತಿತು. ಆಮೇಲೆ ಒಂದು ಹೊತ್ತೂ ಮಾತ್ರೆ ತಪ್ಪಲಿಲ್ಲ, ಜಯಲಕ್ಷ್ಮಮ್ಮನೇ ಬಾಯಿಗೆ ಹಾಕುತ್ತಿದ್ದಳು. ಮೊನ್ನೆ ಶಾಂತಿ ಬಂದು ಪಟ್ಟಿ ಸುತ್ತಿದಳು.

"ನೂರ ಇಪ್ಪತ್ತೆಂಟು, ಎಂಬತ್ತು. ನಾರ್ಮಲ್ ಐತೆ ಚಲುವಣ್ಣ. ಇಂಗೇ ತಗೋತಾ ಇದ್ರೆ ಇನ್ನೊಂದು ಸಲ ಲಕ್ವ ಒಡೆಯೋದು ತಪ್ತದೆ."

ಅವನು ಬಲಗೈಯಿಂದ ಗೂಟದಲ್ಲಿ ನೇತುಹಾಕಿದ್ದ ನಾಗಸ್ವರ ತೋರಿಸಿದ. ಹೆಂಡತಿ ತಂದು ತುಟಿಗಿಟ್ಟಳು. ಎಷ್ಟು ತಿಣುಕಿದರೂ ತುಟಿ ಕೂಡಲಿಲ್ಲ, ಜೊಲ್ಲು ಇಳಿದು ಬಾಯಿಗಿಡುವ ಪೀಪಿ ಒದ್ದೆಯಾಯಿತು. ಅವಳು ಸೆರಗಿನಿಂದ ಮೊದಲು ಅವನ ಗಲ್ಲ ಒರೆಸಿ ಆಮೇಲೆ ಪೀಪಿ ಒರೆಸಿದಳು.

ಅಂದು ಸಂಜೆ ಅವಳು ಮಾತ್ರೆ ಹಿಡಿದು ಹೋದರೆ ಅವನು ಹಲ್ಲು ಕಚ್ಚಿ ಮುಖ ತಿರುಗಿಸಿದ.

"ಬಾಯಿ ಬುಡಿ, ನಿಮ್ಮ ದಮ್ಮಯ್ಯ ಅಂತೀನಿ," ಎಂದಳು. ಬೈದಳು. ಕಾಲು ಹಿಡಿದು ಅತ್ತಳು. ಅವನು ನಾಗಸ್ವರವನ್ನೇ ನೋಡುತ್ತಾ ಕಚ್ಚಿದ ಹಲ್ಲು ಸಡಿಲಿಸಲಿಲ್ಲ.