ಆಸ್ಮಂಡ್ ಹತ್ತೊಂಬತ್ತು ದಿನ ಕೂತಿದ್ದು

ಕೆರಿಬಿಯನ್ ಕಡಲಿನ ಕ್ಯಾರಿಯಾಕೂ ದ್ವೀಪದ ವಿಂಡ್‌ವರ್ಡ್ ಊರಿನವರ ಇಂಗ್ಲಿಷಿನಲ್ಲಿ ‘ಸ್ಟಡಿ’ ಎಂಬ ಮಾತಿಗೂ ಪುಸ್ತಕಕ್ಕೂ ಹೆಚ್ಚಿನ ನಂಟಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದವಳು ಬಾಗಿಲ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತರೆ ಅವಳು ಸ್ಟಡಿ ಮಾಡುತ್ತಿದ್ದಾಳೆ. ಮೀನಿನವನು ಬಲೆ ಹೊರುವ ಮೊದಲು ಮೋಡ ನೋಡುತ್ತ ನಿಂತರೆ ಅದೂ ಸ್ಟಡಿಯೇ. ಯಾರೋ ಏನೋ ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಂಡವರಿಗೆ ‘ಅವನನ್ನ ಸ್ಟಡಿ ಮಾಡ್ಬೇಡ, ಬಿಡು’ ಎನ್ನುತ್ತಾರೆ. ಅತಿಯಾಗಿ ಮಾಡಿದರೆ ತಲೆ ಕೆಡುತ್ತದೆಂಬ ನಂಬಿಕೆಯೂ ಇದೆ. ಒಟ್ಟಿನಲ್ಲಿ, ಒಂದು ಸಂಗತಿಯನ್ನು ಮನಸ್ಸಿನೊಳಗೆ ಇಟ್ಟುಕೊಂಡು, ಅದು ತಾನಾಗಿ ಬಾಯಿ ಬಿಡುವ ತನಕ ಸುಮ್ಮನೆ ಕೂರುವುದು. ಎದುರಾದವರಿಗೆ ಗುಡ್ ಮಾರ್ನಿಂಗ್ ಹೇಳದಿದ್ದರೆ ಮೂರು ತಲೆಮಾರು ನೆನಪಿಟ್ಟುಕೊಳ್ಳುವ ಊರು ಇದು. ಅಂಥ ಊರೂ ಸ್ಟಡಿಗೆ ಕೂತವರನ್ನು ಮಾತಾಡಿಸುವುದಿಲ್ಲ, ಬೆನ್ನ ಹಿಂದಿನಿಂದ ಸದ್ದಿಲ್ಲದೆ ಹಾದುಹೋಗುತ್ತದೆ.

ಈ ವಿದ್ಯೆಯಲ್ಲಿ ಆಸ್ಮಂಡ್ ಬೆಥೆಲ್‌ನನ್ನು ಮೀರಿಸಿದವರಿರಲಿಲ್ಲ. ದೋಣಿ ಕಟ್ಟುವುದು ಅವನ ಕಸುಬು. ನಕ್ಷೆ ಇಲ್ಲ, ಲೆಕ್ಕವಿಲ್ಲ. ಕಡಲ ದಂಡೆಯಲ್ಲಿ ಅಡಿಮರ ಹೂಡಿ, ಬಾಗಿದ ಸೀಡರ್ ಕೊಂಬೆಗಳನ್ನು ಪಕ್ಕೆಲುಬುಗಳ ಹಾಗೆ ನಿಲ್ಲಿಸಿ, ಮೂತಿಯಿಂದ ಹಿಂಬದಿಯವರೆಗೆ ಒಂದು ತೆಳು ಮರದ ಪಟ್ಟಿಯನ್ನು ಬಗ್ಗಿಸಿ ಮೊಳೆ ಹೊಡೆಯುತ್ತಿದ್ದ. ಆಮೇಲೆ ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಬಾದಾಮಿ ಮರದ ಕೆಳಗೆ ಕೂರುತ್ತಿದ್ದ. ಆ ಪಟ್ಟಿಯ ಗೆರೆ ಒಂದೇ ಉಸಿರಿನಲ್ಲಿ ಹರಿಯಬೇಕು. ಎಲ್ಲಾದರೂ ತೊದಲಿದರೆ ಮುಂದೆ ಅದರ ಜಾಡಿನಲ್ಲೇ ಕೂರುವ ಹಲಗೆಗಳೂ ತೊದಲುತ್ತವೆ, ದೋಣಿ ಒಂದು ಮಗ್ಗುಲಿಗೆ ಒರಗುತ್ತದೆ. ನಡುಗಡಲಿನ ಸೆಳೆತದಲ್ಲಿ ಹಾಗೆ ಒರಗಿದ ದೋಣಿಗಳ ಕತೆಯನ್ನು ಹೇಳಲು ಅವುಗಳಲ್ಲಿದ್ದವರು ವಾಪಸು ಬಂದಿಲ್ಲ.

ಚಿಕ್ಕವನಿದ್ದಾಗ ಅವನನ್ನು ಶಾಲೆಯ ಮಾಸ್ತರರು ಮಂಕುದಿಣ್ಣೆ ಎಂದು ಮನೆಗೆ ಕಳಿಸಿದ್ದರು. ಅಜ್ಜ ಅವನನ್ನು ದಂಡೆಗೆ ಕರೆದುಕೊಂಡು ಹೋಗಿ ಅರ್ಧ ಕಟ್ಟಿದ ದೋಣಿಯ ಮುಂದೆ ಕೂರಿಸಿ, “ಇದಕ್ಕೆ ಎಲ್ಲಿ ನೋಯ್ತಿದೆ ಹೇಳು” ಎಂದು ಕೇಳಿದ್ದನಂತೆ. ಹುಡುಗ ಮಧ್ಯಾಹ್ನದವರೆಗೆ ಕೂತು, ಹೋಗಿ ಒಂದು ಪಕ್ಕೆಮರವನ್ನು ಮುಟ್ಟಿದ. ಸೊಟ್ಟ ಅಲ್ಲೇ ಇತ್ತು. ಅಲ್ಲಿಗೆ ಅವನ ಓದು ಮುಗಿಯಿತು. ಅಲ್ಲಿಂದ ಈಚೆಗೆ ಹನ್ನೊಂದು ದೋಣಿ ಕಟ್ಟಿದ್ದಾನೆ, ಒಂದಕ್ಕಾದರೂ ಮಗ್ಗುಲ ದೋಷವಿಲ್ಲ. ಆಸ್ಮಂಡ್ ಕೂತರೆ ದೋಣಿ ನಿಂತ ಹಾಗೆ ಎಂಬುದು ಊರಿನ ಗಾದೆಯೇ ಆಗಿಹೋಯಿತು.

ಹೆಂಡತಿ ಅಯೋನಾಗೆ ಮಾತ್ರ ಈ ಗಾದೆಯ ಮೇಲೆ ಅಷ್ಟು ಭಕ್ತಿ ಇರಲಿಲ್ಲ. ದಿನಾ ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ, ಶಂಖದ ಮಾಂಸದ ಸಾರು ತಂದು ಅವನ ಪಕ್ಕ ಇಡುತ್ತಿದ್ದಳು.

“ಏ ಮುದುಕಾ, ನಲವತ್ತು ವರ್ಷದಲ್ಲಿ ಮರ ಸ್ಟಡಿ ಮಾಡ್ದೆ, ಗಾಳಿ ಸ್ಟಡಿ ಮಾಡ್ದೆ. ನನ್ ಮುಖಾನ ಒಂದಿನ ಮಾಡಿದ್ರೆ ಗಂಟೇನು ಹೋಗ್ತಿತ್ತು?”

“ನಿನ್ನಲ್ಲಿ ಎಲ್ಲೂ ಸೊಟ್ಟ ಕಾಣ್ಲಿಲ್ಲ ಕಣೇ.”

“ಬಾಯಲ್ಲೇ ಬೆಣ್ಣೆ ಮಾರ್ತೀಯ. ಉಣ್ಣು, ಆರೋಗುತ್ತೆ.”

ಹನ್ನೆರಡನೆಯ ದೋಣಿ ಲೈಲ್ ಪ್ಯಾಟ್ರಿಸ್‌ನದು. ಅವನೂ ಅವನ ಇಬ್ಬರು ತಮ್ಮಂದಿರೂ ಆ ದೋಣಿಯಲ್ಲಿ ಮೀನಿಗೆ ಹೋಗಬೇಕು, ಸಾಮಾನು ಸಾಗಿಸಬೇಕು. ಪಟ್ಟಿ ಬಗ್ಗಿಸಿ ಮೊಳೆ ಹೊಡೆದಾಯಿತು. ಆಸ್ಮಂಡ್ ಬಾದಾಮಿ ಮರದ ಕೆಳಗೆ ಕೂತ. ಮೊದಲೆಲ್ಲ ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ ಕೂರುತ್ತಿದ್ದವನು ಈ ಸಲ ಏಳನೆಯ ದಿನವೂ ಏಳಲಿಲ್ಲ, ಹತ್ತನೆಯ ದಿನವೂ ಏಳಲಿಲ್ಲ. ಊರಿನ ಗೌರವ ದಿನದಿಂದ ದಿನಕ್ಕೆ ಏರಿತು. ದಂಡೆಯಲ್ಲಿ ಆಡುವ ಮಕ್ಕಳ ಗಂಟಲು ತಗ್ಗಿತು. ರಮ್ ಅಂಗಡಿಯವನು ರೇಡಿಯೋ ಆರಿಸಿದ. ಕುಡುಕರು ಕೂಡ ಪಿಸುಮಾತಿನಲ್ಲಿ ಜಗಳವಾಡಿದರು.

ನಿಜ ಸಂಗತಿ ಆಸ್ಮಂಡ್ ಒಬ್ಬನಿಗೇ ಗೊತ್ತಿತ್ತು. ಅವನಿಗೆ ಗೆರೆ ಕಾಣುತ್ತಿರಲಿಲ್ಲ.

ಆರು ತಿಂಗಳ ಹಿಂದೆ ಮೊಳೆ ತರುವ ನೆಪ ಹೇಳಿ ದೊಡ್ಡ ದ್ವೀಪಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ ಬಂದಿದ್ದ. ನೋಟದ ಅಂಚುಗಳು ಸತ್ತಿವೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಈ ಹನಿ ಹಾಕಿ ಕಾಪಾಡಿಕೊ ಎಂದಿದ್ದರು. ಹನಿಯ ಸೀಸೆ ಬಾಚಿ-ಉಳಿಗಳ ಪೆಟ್ಟಿಗೆಯ ತಳದಲ್ಲಿತ್ತು. ಈಗ ಅವನು ಲೋಕವನ್ನು ಬಿದಿರಿನ ಕೊಳವೆಯೊಳಗಿಂದ ನೋಡಿದ ಹಾಗೆ ನೋಡುತ್ತಿದ್ದ. ಮೊಳೆಯ ತಲೆ ಸ್ಪಷ್ಟ, ಅಯೋನಾಳ ಮೂಗಿನ ತುದಿಯಷ್ಟು ಜಾಗ ಸ್ಪಷ್ಟ. ಆದರೆ ಇಪ್ಪತ್ತಾರು ಅಡಿಯ ಗೆರೆಯನ್ನು ಒಟ್ಟಿಗೆ ನೋಡದೆ ಅದು ಹರಿಯುತ್ತಿದೆಯೋ ತೊದಲುತ್ತಿದೆಯೋ ಎಂದು ಹೇಳುವುದು ಹೇಗೆ? ತುಂಡು ತುಂಡಾಗಿ ನೋಡಿ ಮನಸ್ಸಿನಲ್ಲಿ ಹೊಲಿಯಲು ಹೋದ. ಹೊಲಿಗೆ ನಿಲ್ಲಲಿಲ್ಲ. ದಿನಾ ಸಂಜೆ ಎಲ್ಲರೂ ಹೋದ ಮೇಲೆ ಪಟ್ಟಿಯ ಉದ್ದಕ್ಕೂ ಕೈಯಾಡಿಸಿ ನೋಡುತ್ತಿದ್ದ. ಅಂಗೈ ಒಂದು ಗೇಣಿನ ಸುದ್ದಿ ಹೇಳುತ್ತದೆ, ಆಚೆಯ ಗೇಣಿಗೆ ಬರುವಷ್ಟರಲ್ಲಿ ಈಚೆಯದು ಮರೆತಿರುತ್ತದೆ. ದಾರಿಯಲ್ಲಿ ಒಮ್ಮೆ ಬೇಲಿಗೆ ಡಿಕ್ಕಿ ಹೊಡೆದಾಗ ನೋಡಿದವರು, “ಪಾಪ, ಇನ್ನೂ ಸ್ಟಡಿಯಲ್ಲೇ ಇದಾರೆ” ಎಂದು ಕೈಹಿಡಿದು ದಾರಿಗೆ ಬಿಟ್ಟರು. ಅವನಿಗೆ ನಾಚಿಕೆಯಾಯಿತು. ಜನರ ಗೌರವ ಎಂಬುದು ಎಂಥ ಒಳ್ಳೆಯ ಮರೆ ಎಂದು ಆ ದಿನ ತಿಳಿಯಿತು.

ಹತ್ತೊಂಬತ್ತನೆಯ ಬೆಳಿಗ್ಗೆ ಲೈಲ್ ಬಂದ. ಹಿಂದಿನಿಂದಲೇ ಬಂದು, ಸ್ವಲ್ಪ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ.

“ಅಂಕಲ್, ತಪ್ಪು ತಿಳ್ಕೋಬೇಡಿ. ಅವಸರ ಮಾಡ್ತಿಲ್ಲ. ತಮ್ಮಂದಿರು ಕೇಳ್ತಾರೆ. ನಾನು ಹೇಳ್ದೆ, ಲೋ, ಅವರು ಕೂತಿರೋಷ್ಟು ದಿನ ನಮ್ಮ ಜೀವ ಗಟ್ಟಿ ಆಗ್ತಾ ಇದೆ ಅಂತ ತಿಳ್ಕೊಳ್ರೋ ಅಂತ.”

ಆಸ್ಮಂಡ್ ಕೂತಲ್ಲಿಂದಲೇ ಅವನ ಕಡೆ ತಿರುಗಿದ.

“ಮಾತಾಡೋದೂ ಬೇಡ ಅಂಕಲ್. ಸರಿಯಿದ್ರೆ ಒಂದು ಸಲ ತಲೆ ಆಡ್ಸಿ. ಇವತ್ತೇ ಹಲಗೆ ಹತ್ತಿಸ್ತೀವಿ.”

ಒಂದು ಸಲ ತಲೆಯಾಡಿಸಿದರೆ ಮುಗಿಯಿತು. ಗೆರೆ ಸರಿಯಿದ್ದರೂ ಇರಬಹುದು, ಕೈ ಅಷ್ಟು ಪಳಗಿದ್ದು. ಹನ್ನೆರಡನೆಯದೂ ನೀರಿಗಿಳಿಯುತ್ತದೆ, ಊರು ಕುರಿ ಕಡಿದು ಉಣ್ಣುತ್ತದೆ, ಕೈ ನಡುಗುತ್ತಿದೆ ಎಂದು ಹೇಳಿ ಕಸುಬು ಬಿಟ್ಟರಾಯಿತು. ಅವನ ಕುತ್ತಿಗೆ ಆಗಲೇ ಬಾಗಲು ಹೊರಟಿತ್ತು. ಆಗ ಕೊಳವೆಯಂಥ ನೋಟದೊಳಗೆ ಲೈಲ್‌ನ ಕೈ ಬಂತು. ಟೋಪಿಯ ಅಂಚನ್ನು ತಿರುಗಿಸುತ್ತಿದ್ದ ಬೆರಳುಗಳು, ಹಗ್ಗ ಎಳೆದೆಳೆದು ಜಡ್ಡುಗಟ್ಟಿದ್ದವು. ಆ ಕೈ ನಡುಗಡಲಿನಲ್ಲಿ ಇವನ ಗೆರೆಯನ್ನು ನಂಬಿ ಹಾಯಿ ಹಿಡಿಯಬೇಕಾದ ಕೈ.

“ಲೈಲ್, ನಾನು ಸ್ಟಡಿ ಮಾಡ್ತಿಲ್ಲಪ್ಪಾ.”

“ಹಾಂ?”

“ಹೆದರಿಕೊಂಡು ಕೂತಿದೀನಿ. ನನಗೆ ಗೆರೆ ಕಾಣ್ತಿಲ್ಲ. ಕಣ್ಣು ಹೋಗಿ ಆರು ತಿಂಗಳಾಯ್ತು.”

ಲೈಲ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಟೋಪಿಯನ್ನು ಮರಳಿಗೆ ಎಸೆದ.

“ಹತ್ತೊಂಬತ್ತು ದಿನಾ ಅಂಕಲ್! ನಾವು ಬಾಯಿ ಮುಚ್ಕೊಂಡು, ಚರ್ಚಿನಲ್ಲಿ ನಡೆದ ಹಾಗೆ ನಡೀತಿದ್ವಲ್ಲ! ಒಂದು ಮಾತು ಹೇಳಕ್ಕೆ ಏನಾಗಿತ್ತು?”

“ಏನೂ ಆಗಿರ್ಲಿಲ್ಲ. ಧೈರ್ಯ ಇರ್ಲಿಲ್ಲ, ಅಷ್ಟೇ.”

ಆ ಹುಡುಗ ಹೊರಟುಹೋಗುತ್ತಾನೆ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಆಸ್ಮಂಡ್ ಕಾದ. ಎದೆಯೊಳಗೆ ಮಾತ್ರ ಬಹಳ ದಿನಗಳ ಮೇಲೆ ಹಗುರಾಗಿತ್ತು. ಲೈಲ್ ಹೋಗಲಿಲ್ಲ. ದೋಣಿಯ ಸುತ್ತ ಎರಡು ಸಲ ದಡದಡ ನಡೆದು ವಾಪಸು ಬಂದ.

“ನನಗೇನೂ ಕಾಣ್ತಿಲ್ಲ. ಎಲ್ಲಾ ನೆಟ್ಟಗೇ ಇದೆ.”

“ನಡೀತಾ ನೋಡಿದ್ರೆ ಎಲ್ಲಾ ನೆಟ್ಟಗೇ ಇರುತ್ತೆ. ಇಲ್ಲಿ ಕೂತ್ಕೋ.”

“ಕೂತು ಏನು ಮಾಡ್ಲಿ?”

“ತಪ್ಪು ಹುಡುಕ್ಬೇಡ. ಸುಮ್ನೆ ನೋಡ್ತಿರು. ಎಲ್ಲಾದ್ರೂ ಕಣ್ಣು ಮತ್ತೆ ಮತ್ತೆ ಎಡವಿದ್ರೆ ಹೇಳು.”

ಲೈಲ್ ಕೂತ. ಮೊದಮೊದಲು ಕಾಲು ಅಲ್ಲಾಡಿಸಿದ, ನೊಣ ಹೊಡೆದ, ನಿಟ್ಟುಸಿರು ಬಿಟ್ಟ. ಆಮೇಲೆ ಕಾಲು ನಿಂತಿತು. ಅಯೋನಾ ಊಟ ತಂದವಳು, ಇಬ್ಬರು ಕೂತದ್ದನ್ನು ಕಂಡು ಬಾಯಿಗೆ ಬಂದ ಮಾತನ್ನು ಅಲ್ಲೇ ತಡೆದು, ಬಟ್ಟಲು ಇಟ್ಟು ಹೋದಳು. ಮುದ್ದೆ ಆರಿತು. ಮರದ ನೆರಳು ಅವರನ್ನು ದಾಟಿ ಆಚೆ ಹೋಯಿತು.

“ಎಡಗಡೆ,” ಎಂದ ಲೈಲ್ ಕೊನೆಗೆ, ತನ್ನ ಮಾತನ್ನೇ ನಂಬದವನ ಹಾಗೆ. “ಮೂತಿಯಿಂದ ಐದನೇ ಮರ. ಅಲ್ಲಿ ನನ್ನ ಕಣ್ಣು ಯಾಕೋ ಹತ್ತಿ ಇಳೀತದೆ.”

ಆಸ್ಮಂಡ್ ಎದ್ದು ಹೋದ. ನಾಲ್ಕನೆಯ ಮರದಿಂದ ಆರನೆಯದರವರೆಗೆ ಅಂಗೈ ಒತ್ತಿ ಸವರಿದ. ಐದನೆಯದರ ಮೇಲೆ ಪಟ್ಟಿ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು. ಹದಿನೆಂಟು ಸಂಜೆ ಈ ಕೈ ಅದನ್ನು ದಾಟಿ ಹೋಗಿತ್ತು. ಬೆಳಿಗ್ಗೆ ಆ ಕುತ್ತಿಗೆ ಬಾಗಿದ್ದರೆ ಈ ಅರ್ಧ ಬೆರಳು ಮೂವರು ಅಣ್ಣತಮ್ಮಂದಿರ ಜೊತೆ ಕಡಲಿಗೆ ಹೋಗುತ್ತಿತ್ತು. ಅವನು ಪಕ್ಕೆಮರವನ್ನು ಹಿಡಿದು ನಿಂತ.

ಲೈಲ್ ಸುತ್ತಿಗೆ ಹಿಡಿದು ಪಕ್ಕಕ್ಕೆ ಬಂದ.

“ನನಗಿನ್ನೂ ಸಿಟ್ಟಿದೆ ಅಂಕಲ್.”

“ಇರ್ಲಿ. ಸಿಟ್ಟು ಇಟ್ಕೊಂಡೇ ಮೊಳೆ ಕೀಳು.”